ಬಾಯ್ಲರ್ ತಣ್ಣಗಿರುವಾಗ ಮಾತ್ರ ತಪಾಸಣೆ ನಡೆದರೆ ಸಾಲದು

ಮಾನ್ಯ ಸಂಪಾದಕರೇ,

ಭದ್ರಾವತಿಯ ಅಕ್ಕಿ ಗಿರಣಿಯೊಂದರಲ್ಲಿ 2024ರ ಡಿಸೆಂಬರ್‌ನಲ್ಲಿ ಬಾಯ್ಲರ್ ಸಿಡಿದು, ಕಟ್ಟಡ ಕುಸಿದು, ಕಾರ್ಮಿಕರೊಬ್ಬರು ಸತ್ತ ಸುದ್ದಿ ಹಲವರಿಗೆ ಇನ್ನೂ ನೆನಪಿರಬಹುದು. ಅದಕ್ಕೂ ಮೂರು ವರ್ಷ ಮೊದಲು, 2021ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಮಾಗಡಿ ರಸ್ತೆಯ ಕಡೆಯ ಒಂದು ಸಣ್ಣ ತಿಂಡಿ ತಯಾರಿಕಾ ಘಟಕದಲ್ಲಿ ಇಂಥದೇ ಸ್ಫೋಟವಾಗಿ, ದೂರದ ಊರುಗಳಿಂದ ದುಡಿಯಲು ಬಂದಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪ್ರತಿ ಬಾರಿಯೂ ಮೊದಲು ಕೇಳಿಬರುವ ಪ್ರಶ್ನೆ, ಬಾಯ್ಲರ್‌ಗೆ ಸರ್ಟಿಫಿಕೇಟ್ ಇತ್ತೇ ಎಂಬುದು. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಮೂವತ್ತೊಂದು ವರ್ಷ ಪಾಳಿ ಮಾಡಿ, ಪ್ರಥಮ ದರ್ಜೆ ಬಾಯ್ಲರ್ ಅಟೆಂಡೆಂಟ್ ಆಗಿ ನಿವೃತ್ತನಾದ ನನಗೆ, ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಎಂಬ ಸಂಕಟವಿದೆ. ಸಿಡಿಯುವ ಮುನ್ನ ಅದರ ಮುಂದೆ ನಿಂತಿದ್ದವರು ಯಾರು, ಅವರಿಗೆ ಆ ಕೆಲಸ ಗೊತ್ತಿತ್ತೇ, ಉರಿ ನಿಲ್ಲಿಸುವ ಅಧಿಕಾರ ಅವರಿಗಿತ್ತೇ? ಕೇಂದ್ರದ ಹೊಸ ಬಾಯ್ಲರ್ ಕಾಯ್ದೆ ಜಾರಿಗೆ ಬಂದಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಓದುಗರ ಮುಂದೆಯೂ ಸರ್ಕಾರದ ಮುಂದೆಯೂ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಬಾಯ್ಲರ್ ತಪಾಸಣೆಗೆ ದೀರ್ಘ ಇತಿಹಾಸವಿದೆ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ, ಮರುವರ್ಷವೇ ಬಂಗಾಳದಲ್ಲಿ ಮೊದಲ ತಪಾಸಣಾ ಕಾನೂನು ಬಂತು. ಆಮೇಲೆ ಒಂದೊಂದು ಪ್ರಾಂತ್ಯ ಒಂದೊಂದು ನಿಯಮ ಮಾಡಿಕೊಂಡು ಗೊಂದಲವಾಗಿದ್ದರಿಂದ, ಎಲ್ಲವನ್ನೂ ಒಂದುಗೂಡಿಸಿ 1923ರಲ್ಲಿ ಭಾರತೀಯ ಬಾಯ್ಲರ್ ಕಾಯ್ದೆಯನ್ನು ಮಾಡಲಾಯಿತು. ತಗಡು ಎಷ್ಟು ದಪ್ಪವಿರಬೇಕು, ಬೆಸುಗೆ ಹೇಗಿರಬೇಕು, ಒತ್ತಡ ಮಿತಿ ಮೀರಿದಾಗ ತಾನೇ ತೆರೆದು ಹಬೆ ಹೊರಬಿಡುವ ಸೇಫ್ಟಿ ವಾಲ್ವ್ ಎಷ್ಟು ದೊಡ್ಡದಿರಬೇಕು ಎಂಬುದನ್ನೆಲ್ಲ ಹೇಳುವ ಭಾರತೀಯ ಬಾಯ್ಲರ್ ನಿಯಮಾವಳಿ 1950ರದು. ನಮ್ಮಲ್ಲಿ ಎಲ್ಲರೂ ಐಬಿಆರ್ ಎಂದು ಕರೆಯುವುದು ಅದನ್ನೇ. ನೂರು ವರ್ಷ ದಾಟಿದ ಆ ಹಳೆಯ ಕಾಯ್ದೆಯನ್ನು ತೆಗೆದು ಸಂಸತ್ತು 2025ರಲ್ಲಿ ಹೊಸದನ್ನು ತಂದಿತು. ರಾಜ್ಯಸಭೆ ಇದಕ್ಕೆ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರೆ, ಲೋಕಸಭೆ 2025ರ ಮಾರ್ಚ್‌ನಲ್ಲಿ ಕೊಟ್ಟಿತು. ಬಾಯ್ಲರ್ ನೋಂದಣಿಯಾಗಬೇಕು, ನಿಗದಿತ ಅವಧಿಗೆ ಪರೀಕ್ಷೆಗೊಳಗಾಗಿ ಸರ್ಟಿಫಿಕೇಟ್ ಪಡೆಯಬೇಕು, ಅಪಘಾತವಾದರೆ ವರದಿ ಮಾಡಬೇಕು ಎಂಬ ಹಳೆಯ ಕಟ್ಟಳೆಯ ಬೆನ್ನೆಲುಬು ಹೊಸದರಲ್ಲೂ ಉಳಿದಿದೆ. ನಮ್ಮ ರಾಜ್ಯದಲ್ಲಿ ಈ ಕೆಲಸ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು.

ವರ್ಷಕ್ಕೊಮ್ಮೆ ನಡೆಯುವ ಈ ಪರೀಕ್ಷೆಯನ್ನು ನಾನು ಹತ್ತಾರು ಸಲ ಹತ್ತಿರದಿಂದ ಕಂಡಿದ್ದೇನೆ. ಉರಿ ಆರಿಸಿ, ಎರಡು ಮೂರು ದಿನ ತಣಿಯಲು ಬಿಟ್ಟು, ನೀರು ಖಾಲಿ ಮಾಡಿ, ಮ್ಯಾನ್‌ಹೋಲ್ ಬಿಚ್ಚಿ, ಒಳಗಿನ ಹೊಗೆ ಮಸಿಯನ್ನೂ ಸುಣ್ಣದ ಪದರವನ್ನೂ ಕೆರೆದು ಶುಚಿ ಮಾಡಿರುತ್ತೇವೆ. ಇನ್‌ಸ್ಪೆಕ್ಟರ್ ಮೇಲಂಗಿ ತೊಟ್ಟು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸಣ್ಣ ಸುತ್ತಿಗೆ ಹಿಡಿದು ಒಳಗೆ ತೂರಿಕೊಳ್ಳುತ್ತಾರೆ. ಟ್ಯೂಬ್ ಕೂತ ತಟ್ಟೆಯ ಮೇಲೆ ಒಂದೊಂದೇ ಏಟು ಹಾಕಿ ಸದ್ದು ಆಲಿಸುತ್ತಾರೆ. ಗಟ್ಟಿ ಲೋಹದ ಸದ್ದು ಒಂದು ಬಗೆ, ಒಳಗೇ ಸವೆದ ಲೋಹದ ಸದ್ದು ಇನ್ನೊಂದು ಬಗೆ. ಹೊರಗೆ ನಿಂತ ನಮಗೂ ಕೆಲವು ವರ್ಷಗಳಲ್ಲಿ ಆ ವ್ಯತ್ಯಾಸ ತಿಳಿಯತೊಡಗಿತ್ತು. ಆಮೇಲೆ ತಣ್ಣೀರು ತುಂಬಿಸಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಎಲ್ಲಾದರೂ ಬೆವರುತ್ತದೆಯೇ ಎಂದು ನೋಡುತ್ತಾರೆ. ಕೊನೆಗೆ ಹಬೆ ಏರಿಸಿ, ಸೇಫ್ಟಿ ವಾಲ್ವ್ ಸರಿಯಾದ ಒತ್ತಡಕ್ಕೆ ಎದ್ದೇಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಇದು ಕಣ್ಣೊರೆಸುವ ಕೆಲಸವಲ್ಲ. ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕನ್ನು ಕಂಡುಹಿಡಿದು, ಸರ್ಟಿಫಿಕೇಟ್ ಕೊಡದೆ ಹೋದ ಇನ್‌ಸ್ಪೆಕ್ಟರೊಬ್ಬರು ನಮ್ಮ ಪಾಳಿಯ ಹದಿನಾಲ್ಕು ಜನರ ಜೀವ ಉಳಿಸಿದರೆಂದು ನಾನು ಇಂದಿಗೂ ನಂಬಿದ್ದೇನೆ.

ಆದರೆ ಈ ಪರೀಕ್ಷೆಯೆಲ್ಲ ನಡೆಯುವುದು ಮೊದಲೇ ನೋಟಿಸು ಕೊಟ್ಟು ಗೊತ್ತುಪಡಿಸಿದ ದಿನ, ಬಾಯ್ಲರ್ ಮೈ ತೊಳೆದು ಸಿದ್ಧವಾಗಿ ನಿಂತಿರುವಾಗ. ಅದು ಹಾಗೆಯೇ ಆಗಬೇಕು. ಕಾದ ಬಾಯ್ಲರ್ ಒಳಗೆ ಯಾರೂ ಇಳಿಯಲಾರರು. ಆದರೆ ಜನ ಸಾಯುವುದು ಅದು ಕಾದಿರುವಾಗ, ಗಿರಣಿ ಭರದಿಂದ ಓಡುತ್ತಿರುವಾಗ, ಬಹಳ ಸಲ ರಾತ್ರಿ ಪಾಳಿಯಲ್ಲಿ. ಸರ್ಟಿಫಿಕೇಟ್ ಹೇಳುವುದು ಆ ಒಂದು ದಿನದ ಸ್ಥಿತಿಯನ್ನು. ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳ ಮಟ್ಟಿಗೆ ನಮ್ಮ ತಪಾಸಣಾ ವ್ಯವಸ್ಥೆ ಬಹುಪಾಲು ಮೌನವಾಗಿದೆ ಎಂಬುದೇ ನನ್ನ ದೂರು.

ಬಾಯ್ಲರ್ ಎಂದರೆ ದೊಡ್ಡ ಹಂಡೆ ಎಂದು ತಿಳಿದವರಿಗಾಗಿ ಒಂದು ಮಾತು ಹೇಳಬೇಕು. ಮನೆಯ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಚದರ ಸೆಂಟಿಮೀಟರಿಗೆ ಹತ್ತು ಕೆ.ಜಿ. ಒತ್ತಡದಲ್ಲಿ ಓಡುವ ಅಕ್ಕಿ ಗಿರಣಿಯ ಬಾಯ್ಲರ್‌ನಲ್ಲಿ ಅದೇ ನೀರು 180 ಡಿಗ್ರಿ ದಾಟಿ ಕಾದಿದ್ದರೂ ಒತ್ತಡದ ಹಿಡಿತದಲ್ಲಿ ನೀರಾಗಿಯೇ ಇರುತ್ತದೆ. ತಗಡು ಒಂದು ಕಡೆ ಹರಿದರೆ ಆ ಹಿಡಿತ ತಪ್ಪಿ, ನೀರಿನಲ್ಲಿ ಒಂದು ಪಾಲು ಆ ಕ್ಷಣದಲ್ಲೇ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹೊರಗಿನ ಗಾಳಿಯ ಒತ್ತಡದಲ್ಲಿ ಹಬೆಯಾದಾಗ ಸುಮಾರು 1,600 ಲೀಟರ್‌ನಷ್ಟು ಜಾಗ ಕೇಳುತ್ತದೆ. ಟನ್ನುಗಟ್ಟಲೆ ನೀರು ಹಿಡಿಯುವ ಬಾಯ್ಲರ್ ಸಿಡಿದಾಗ ಕಬ್ಬಿಣದ ದೇಹವೇ ಎಗರಿ ಬೀಳುವುದೂ, ಗೋಡೆ ಛಾವಣಿಗಳು ಕುಸಿಯುವುದೂ ಈ ಕಾರಣದಿಂದ. ಒಳಗಿರುವ ಬೆಂಕಿಗಿಂತ ಭಯಂಕರವಾದದ್ದು ಒಳಗಿರುವ ನೀರು. ಆ ನೀರಿನ ಮಟ್ಟವನ್ನು ತೋರಿಸಲು ಇರುವುದು ಒಂದು ಗೇಣುದ್ದದ ಗಾಜಿನ ಕೊಳವೆ. ನಾವು ಅದನ್ನು ಗೇಜ್ ಗ್ಲಾಸ್ ಎನ್ನುತ್ತೇವೆ. ಮಟ್ಟ ಇಳಿದು ಟ್ಯೂಬುಗಳು ಬರಿದಾದರೆ ಲೋಹ ಕೆಂಪಗೆ ಕಾದು ಮೆತ್ತಗಾಗುತ್ತದೆ. ಆಗ ಗಾಬರಿಯಿಂದ ಯಾರಾದರೂ ಫೀಡ್ ಪಂಪ್ ಚಾಲೂ ಮಾಡಿ ನೀರು ಬಿಟ್ಟರೆ, ಅದು ಕೆಂಪಗೆ ಕಾದ ಲೋಹಕ್ಕೆ ತಾಗಿ ಒಮ್ಮೆಲೇ ಹಬೆಯಾಗಿ ಬಾಯ್ಲರ್ ಸಿಡಿಯಬಹುದು, ಅಲ್ಲಿಗೆ ಮುಗಿಯಿತು.

ನಿವೃತ್ತಿಯಾದ ಮೇಲೆ, ಪರಿಚಯದವರ ಒತ್ತಾಯಕ್ಕೆ, ಒಂದು ಅಕ್ಕಿ ಗಿರಣಿಗೆ ಕೆಲವು ವಾರ ಹೋಗಿದ್ದೆ. ಹೊಟ್ಟು ಉರಿಸುವ ಬಾಯ್ಲರ್. ಕಚೇರಿಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟ್ ಇತ್ತು, ಅವಧಿ ಮುಗಿಯಲು ಇನ್ನೂ ಏಳು ತಿಂಗಳಿತ್ತು. ಮೊದಲ ರಾತ್ರಿ ಪಾಳಿಗೆ ಹೋದಾಗ ಗೇಜ್ ಗ್ಲಾಸ್‌ನಲ್ಲಿ ನೀರು ಅರ್ಧಕ್ಕೆ ನಿಂತಿತ್ತು. ನೋಡಿದವರು ಯಾರೇ ಆದರೂ ಎಲ್ಲ ಸರಿಯಿದೆ ಎಂದೇ ಹೇಳುತ್ತಿದ್ದರು. ನನಗೆ ಅನುಮಾನ ಬಂದದ್ದು ಅದು ಅಲುಗಾಡದೆ ನಿಂತಿದ್ದಕ್ಕೆ. ಓಡುವ ಬಾಯ್ಲರ್‌ನ ಗಾಜಿನಲ್ಲಿ ನೀರು ಉಸಿರಾಡುವಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಕೆಳಗಿನ ಡ್ರೇನ್ ಕಾಕ್ ತಿರುಗಿಸಿದೆ. ಗಾಜಿನಲ್ಲಿದ್ದಷ್ಟು ನೀರು ಇಳಿದುಹೋಯಿತು, ಕಾಕ್ ಮುಚ್ಚಿದ ಮೇಲೆ ಮರಳಿ ಬರಲಿಲ್ಲ. ಕೆಳಗಿನ ದಾರಿ ಸುಣ್ಣ ಕಟ್ಟಿ ಮುಚ್ಚಿಕೊಂಡಿತ್ತು. ನಾವು ನೋಡುತ್ತಿದ್ದದ್ದು ಬಾಯ್ಲರ್‌ನ ನೀರಲ್ಲ, ಎಂದೋ ಗಾಜಿನಲ್ಲಿ ಸಿಕ್ಕಿಬಿದ್ದಿದ್ದ ನೀರು. ಒಳಗೆ ಎಷ್ಟಿದೆಯೋ ದೇವರೇ ಬಲ್ಲ. ಫ್ಯಾನ್ ನಿಲ್ಲಿಸಿ, ಹೊಟ್ಟಿನ ದಾರಿ ಮುಚ್ಚಿಸಿ, ಉರಿಯನ್ನು ಹೊರಗೆಳೆಸಿದೆ. ಪಂಪ್ ಮುಟ್ಟಬೇಡವೆಂದು ಪಕ್ಕದ ಹುಡುಗನ ಕೈ ಹಿಡಿದುಕೊಂಡೇ ನಿಂತಿದ್ದೆ. ಹತ್ತೊಂಬತ್ತು ವರ್ಷದ ಆ ಹುಡುಗನೇ ಉಳಿದ ದಿನಗಳಲ್ಲಿ ಆ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಆಚೆ ಸಲ ನೀರು ಕಾಣದಾದಾಗ ಏನು ಮಾಡಿದೆಯಪ್ಪಾ ಎಂದು ಕೇಳಿದೆ. “ಪಂಪ್ ಹಾಕಿದೆ ಸರ್, ಬಂತು” ಎಂದ. ಅವನು ಬದುಕಿದ್ದದ್ದು ಅದೃಷ್ಟದಿಂದ.

ಮಾಲೀಕರು ಓಡಿಬಂದು, ನೆನೆಹಾಕಿದ ಭತ್ತ ಟ್ಯಾಂಕಿನಲ್ಲಿ ಹುಳಿಯುತ್ತದೆ, ನಷ್ಟ ಯಾರು ಕೊಡುತ್ತಾರೆ ಎಂದು ಕೂಗಾಡಿದರು. ಅವರ ನಷ್ಟ ನಿಜವಾದದ್ದೇ. ಹೊತ್ತಿಗೆ ಹಬೆ ಸಿಗದಿದ್ದರೆ ನೆನೆದ ಭತ್ತ ಕೆಡುತ್ತದೆ. ಆದರೆ ನಾನು ವಯಸ್ಸಾದವನು, ಆ ಕೂಲಿಯನ್ನು ನಂಬಿ ಬದುಕುತ್ತಿರಲಿಲ್ಲ, ಹಾಗಾಗಿ ಉರಿ ತೆಗೆಸಿದೆ. ಆ ಹುಡುಗನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಬೆಳಗಾದ ಮೇಲೆ ನೋಡಿದರೆ, ಎರಡು ಸೇಫ್ಟಿ ವಾಲ್ವ್‌ಗಳಲ್ಲಿ ಒಂದರ ಎತ್ತುಗೋಲನ್ನು ಬೈಂಡಿಂಗ್ ತಂತಿಯಿಂದ ಬಿಗಿದು ಕಟ್ಟಿದ್ದರು. ಅದು ಆಗಾಗ ಎದ್ದು ಹಬೆ ಪೋಲಾಗುತ್ತದೆಂದು ಕಟ್ಟಿದ್ದಂತೆ. ತಪಾಸಣೆಯ ದಿನ ಆ ತಂತಿ ಇರಲಿಲ್ಲ, ಗೇಜ್ ಗ್ಲಾಸ್ ಕೂಡ ಹೊಸದಿತ್ತು. ಸರ್ಟಿಫಿಕೇಟ್ ಕೊಟ್ಟವರು ಸುಳ್ಳು ಬರೆದಿರಲಿಲ್ಲ.

ಐದು ತಿಂಗಳಲ್ಲಿ ಗಾಜಿನ ದಾರಿ ಮುಚ್ಚಿಹೋಗುವಷ್ಟು ಸುಣ್ಣ ಎಲ್ಲಿಂದ ಬಂತು ಎಂಬುದೂ ಇಲ್ಲಿ ಮುಖ್ಯ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಗಡಸು ನೀರು. ಮನೆಯ ಗೀಸರ್ ಬಿಚ್ಚಿದವರು ಒಳಗಿನ ಬಿಳಿ ಹಕ್ಕಳೆಯನ್ನು ಕಂಡಿರುತ್ತಾರೆ. ಅದೇ ಹಕ್ಕಳೆ ಬಾಯ್ಲರ್ ಟ್ಯೂಬಿನ ಮೇಲೆ ಕಟ್ಟಿದರೆ ಲೋಹದ ಬಿಸಿ ನೀರಿಗೆ ದಾಟದೆ ಲೋಹದಲ್ಲೇ ಉಳಿದು, ಅದು ದಿನದಿಂದ ದಿನಕ್ಕೆ ದುರ್ಬಲವಾಗುತ್ತದೆ. ಇದಕ್ಕೆ ಮದ್ದು ಸಾಫ್ಟ್‌ನರ್ ಇಟ್ಟು ನೀರನ್ನು ಮೆದುಗೊಳಿಸುವುದು, ಹೊತ್ತುಹೊತ್ತಿಗೆ ಬ್ಲೋಡೌನ್ ಮಾಡಿ ತಳದ ಕೆಸರನ್ನು ಹೊರಹಾಕುವುದು. ಬ್ಲೋಡೌನ್ ಮಾಡಿದರೆ ಕಾದ ನೀರು ಹೋಗುತ್ತದೆ, ಹೊಟ್ಟು ಹೆಚ್ಚು ಬೇಕಾಗುತ್ತದೆ ಎಂದು ಅದನ್ನು ತಪ್ಪಿಸುವ ಗಿರಣಿಗಳನ್ನು ನಾನು ಕಂಡಿದ್ದೇನೆ. ಸಾಫ್ಟ್‌ನರ್‌ಗೆ ಹಾಕಬೇಕಾದ ಉಪ್ಪಿನ ಮೂಟೆಗಳು ಮೂಲೆಯಲ್ಲಿ ಹಾಗೇ ಕರಗುತ್ತಿರುವುದನ್ನೂ ಕಂಡಿದ್ದೇನೆ. ವಾರ್ಷಿಕ ಪರೀಕ್ಷೆಗೆ ಮುನ್ನ ಹಕ್ಕಳೆಯನ್ನು ಕೆರೆದು ತೆಗೆದರೆ, ಅದು ವರ್ಷವಿಡೀ ಎಷ್ಟು ದಪ್ಪ ಕಟ್ಟಿತ್ತೆಂಬುದು ಯಾರಿಗೂ ತಿಳಿಯುವುದಿಲ್ಲ.

ಬಾಯ್ಲರ್ ಮುಂದೆ ಯಾರು ನಿಲ್ಲಬೇಕೆಂಬುದಕ್ಕೂ ಕಾನೂನಿದೆ. ಪರೀಕ್ಷೆ ಬರೆದು, ಮೌಖಿಕ ಪ್ರಶ್ನೆಗಳಿಗೆ ಉತ್ತರಿಸಿ, ಪ್ರಥಮ ಅಥವಾ ದ್ವಿತೀಯ ದರ್ಜೆಯ ಅರ್ಹತಾ ಪತ್ರ ಪಡೆದವರ ಸುಪರ್ದಿಯಲ್ಲೇ ಬಾಯ್ಲರ್ ಓಡಬೇಕು. 2011ರ ಬಾಯ್ಲರ್ ಅಟೆಂಡೆಂಟ್ಸ್ ನಿಯಮಗಳು ಇದಕ್ಕೆಂದೇ ಇವೆ. ಆದರೆ ಸಣ್ಣ ಘಟಕಗಳಲ್ಲಿ ನಾನು ಕಂಡದ್ದು ಬೇರೆ. ಒಬ್ಬರ ಅರ್ಹತಾ ಪತ್ರ ಗೋಡೆಯ ಮೇಲೆ ತೂಗುತ್ತಿರುತ್ತದೆ, ಅವರು ಹಗಲು ಒಂದು ಪಾಳಿಗೆ ಬಂದುಹೋಗುತ್ತಾರೆ, ಇಲ್ಲವೇ ತಿಂಗಳಿಗೊಮ್ಮೆ ಬಂದು ಸಹಿ ಮಾಡಿ ಸಂಬಳ ಪಡೆಯುತ್ತಾರೆ. ರಾತ್ರಿ ಹೊಟ್ಟು ಸುರಿಯುವವನೇ ಬಾಯ್ಲರ್ ನೋಡುವವನು, ಬೂದಿ ಎಳೆಯುವವನು, ಪಂಪ್ ಹಾಕುವವನು. ಅರ್ಹತಾ ಪತ್ರ ಉಳ್ಳವರನ್ನು ಮೂರು ಪಾಳಿಗೂ ಇಟ್ಟುಕೊಳ್ಳುವುದು ದುಬಾರಿ ಎಂದು ಮಾಲೀಕರು ಹೇಳುತ್ತಾರೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆಯ ಗಿರಣಿಗಳಾಗಲಿ, ರಾಮನಗರ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಾಗಲಿ ಲಾಭದ ಅಂಚಿನಲ್ಲೇ ನಡೆಯುತ್ತವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಲಸ ಕಲಿಯಲು ಸಿದ್ಧರಿರುವ ಹುಡುಗರಿಗೆ ತಾಲ್ಲೂಕಿನ ಐಟಿಐಯಲ್ಲೇ ಕನ್ನಡದಲ್ಲಿ ತರಬೇತಿ ಕೊಟ್ಟು, ಹತ್ತಿರದಲ್ಲೇ ಪರೀಕ್ಷೆ ನಡೆಸಿದರೆ ಈ ಕೊರತೆ ಕೆಲವೇ ವರ್ಷಗಳಲ್ಲಿ ನೀಗುತ್ತದೆ. ಹೆಚ್ಚಿನವರು ಆ ಕೆಲಸವನ್ನು ನಿಷ್ಠೆಯಿಂದಲೇ ಮಾಡುತ್ತಿದ್ದಾರೆ. ಅವರಿಗೆ ಹೇಳಿಕೊಟ್ಟವರಿಲ್ಲ, ಅಷ್ಟೇ.

ಇದು ಸಣ್ಣವರ ಅಜ್ಞಾನದ ಕಥೆ ಮಾತ್ರ ಎಂದು ಯಾರೂ ಭಾವಿಸಬಾರದು. ರಾಯ್‌ಬರೇಲಿ ಜಿಲ್ಲೆಯ ಊಂಚಾಹಾರದ ವಿದ್ಯುತ್ ಸ್ಥಾವರದಲ್ಲಿ 2017ರ ನವೆಂಬರ್ 1ರಂದು 500 ಮೆಗಾವಾಟ್ ಘಟಕದ ಬಾಯ್ಲರ್ ಬಳಿ ಸ್ಫೋಟವಾಗಿ ಮೂವತ್ತಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ತಮಿಳುನಾಡಿನ ನೈವೇಲಿಯಲ್ಲಿ 2020ರ ಮೇ ಮತ್ತು ಜುಲೈ ತಿಂಗಳಲ್ಲಿ, ಎರಡು ತಿಂಗಳ ಅಂತರದೊಳಗೆ, ಒಂದೇ ಸ್ಥಾವರದ ಬಾಯ್ಲರ್‌ಗಳಲ್ಲಿ ಎರಡು ಬಾರಿ ದುರಂತ ನಡೆಯಿತು. ಇವೆರಡೂ ಸಾರ್ವಜನಿಕ ವಲಯದ ಸ್ಥಾವರಗಳು. ನುರಿತ ಎಂಜಿನಿಯರುಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಅಲ್ಲಿಯೂ ಜನ ಸತ್ತದ್ದು ಬಾಯ್ಲರ್ ಕಾದಿರುವಾಗಲೇ.

ಇನ್ನು ಯಾರು ತಪಾಸಣೆ ಮಾಡಬೇಕೆಂಬ ವಿಷಯ. 2007ರ ತಿದ್ದುಪಡಿಯಿಂದೀಚೆಗೆ ಸರ್ಕಾರಿ ಇನ್‌ಸ್ಪೆಕ್ಟರ್ ಅಲ್ಲದೆ, ಮಾನ್ಯತೆ ಪಡೆದ ಖಾಸಗಿ ಅರ್ಹ ವ್ಯಕ್ತಿಗಳೂ ಬಾಯ್ಲರ್ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಲು ಅವಕಾಶವಿದೆ. ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಸರ್ಕಾರಿ ಕಚೇರಿಯ ವಿಳಂಬದಿಂದ ಬೇಸತ್ತವರಿಗೆ ಇದು ಅನುಕೂಲ, ಅವರಲ್ಲಿ ಬಹಳ ಜಾಣರೂ ಪ್ರಾಮಾಣಿಕರೂ ಇದ್ದಾರೆ, ನಾನು ಅದನ್ನು ವಿರೋಧಿಸುವುದಿಲ್ಲ. ಆದರೆ ಪರೀಕ್ಷಕರನ್ನು ಆರಿಸುವವರೂ ಶುಲ್ಕ ಕೊಡುವವರೂ ಬಾಯ್ಲರ್ ಮಾಲೀಕರೇ ಆದಾಗ, ಅವರ ಕೆಲಸವನ್ನು ಮತ್ತೆ ಒಮ್ಮೆ ನೋಡುವ ಕಣ್ಣು ಇಲಾಖೆಯದಾಗಿರಬೇಕು. ಅವರು ಒಪ್ಪಿಗೆ ಕೊಟ್ಟ ಬಾಯ್ಲರ್‌ಗಳಲ್ಲಿ ಕೆಲವನ್ನಾದರೂ ಪ್ರತಿ ವರ್ಷ ಇನ್‌ಸ್ಪೆಕ್ಟರ್ ಹೋಗಿ ಮರುಪರೀಕ್ಷಿಸಬೇಕು.

ಕಾಯ್ದೆಯ ಹೊರಗೇ ಉಳಿಯುವ ಬಾಯ್ಲರ್‌ಗಳ ಮಾತೂ ಇದೆ. 25 ಲೀಟರ್‌ಗಿಂತ ಕಡಿಮೆ ನೀರು ಹಿಡಿಯುವ ಪಾತ್ರೆ ಕಾಯ್ದೆಯ ದೃಷ್ಟಿಯಲ್ಲಿ ಬಾಯ್ಲರ್ ಅಲ್ಲ. ಆ ಮಿತಿಯೊಳಗೇ ನಿಲ್ಲುವಂತೆ ತಯಾರಾದ, ಸುರುಳಿ ಕೊಳವೆಯ ಬಾಯ್ಲರ್‌ಗಳು ನಾನ್-ಐಬಿಆರ್ ಎಂಬ ಹೆಸರಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತಿವೆ. ಲಾಂಡ್ರಿಗಳಲ್ಲಿ, ದೊಡ್ಡ ಅಡುಗೆಮನೆಗಳಲ್ಲಿ, ತಿಂಡಿ ತಯಾರಿಸುವ ಘಟಕಗಳಲ್ಲಿ ಅವು ಜನರ ಮಗ್ಗುಲಲ್ಲೇ ಓಡುತ್ತವೆ. ನೀರು ಕಡಿಮೆಯಿದ್ದಷ್ಟೂ ಸ್ಫೋಟದ ಬಲ ಕಡಿಮೆ ಎಂಬುದು ನಿಜ. ಆದರೆ ಇಕ್ಕಟ್ಟಾದ ಕೋಣೆಯಲ್ಲಿ ಪಕ್ಕದಲ್ಲೇ ನಿಂತವನಿಗೆ ಆ ಬಲವೇ ಸಾಕು. ಇವುಗಳಿಗೆ ಪೂರ್ಣ ಪರೀಕ್ಷೆ ಬೇಡವಾದರೂ, ಎಲ್ಲಿ ಎಷ್ಟಿವೆ ಎಂಬ ಲೆಕ್ಕ ಇಲಾಖೆಯಲ್ಲಿರಬೇಕು.

ದಂಡದ ವಿಷಯದಲ್ಲಿ ಹೊಸ ಕಾಯ್ದೆಯ ಏಳು ಅಪರಾಧಗಳಲ್ಲಿ ಮೂರಕ್ಕೆ ದಂಡ ಮಾತ್ರ ಇಟ್ಟು, ಜೀವಹಾನಿಗೆ ಕಾರಣವಾಗಬಹುದಾದ ನಾಲ್ಕಕ್ಕೆ ಜೈಲುಶಿಕ್ಷೆಯನ್ನು ಉಳಿಸಿಕೊಂಡಿದ್ದಾರೆ. ಅವುಗಳಿಗೆ ಎರಡು ವರ್ಷದವರೆಗಿನ ಸೆರೆ, ಒಂದು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡೂ. ಸೇಫ್ಟಿ ವಾಲ್ವ್‌ಗೆ ಕೈಹಾಕುವುದನ್ನು ಘೋರ ಅಪರಾಧಗಳ ಸಾಲಿನಲ್ಲೇ ಇಟ್ಟಿರುವುದು ಸರಿಯಾಗಿದೆ. ಆದರೆ ಒಂದು ಲಕ್ಷವೆಂಬ ಮಿತಿ 2007ರ ತಿದ್ದುಪಡಿಯಲ್ಲೇ ಬಂದದ್ದು. ಅಂದಿನಿಂದ ಇಂದಿಗೆ ಅಕ್ಕಿಯ ಬೆಲೆ ಎಷ್ಟಾಗಿದೆ ಎಂಬುದು ಗಿರಣಿ ನಡೆಸುವವರಿಗೇ ಚೆನ್ನಾಗಿ ಗೊತ್ತು. ಇದಕ್ಕಿಂತ ನನ್ನನ್ನು ಕಾಡುವುದು, ರಾಜ್ಯ ಸರ್ಕಾರಗಳು ಕೆಲವು ಪ್ರದೇಶಗಳನ್ನು ಕಾಯ್ದೆಯಿಂದ ಹೊರಗಿಡಲು ಉಳಿದಿರುವ ಅವಕಾಶ. ಬಂಡವಾಳ ಸೆಳೆಯುವ ಪೈಪೋಟಿಯಲ್ಲಿ ಕರ್ನಾಟಕ ಸರ್ಕಾರ ಈ ಅವಕಾಶವನ್ನು ಎಂದೂ ಬಳಸುವುದಿಲ್ಲವೆಂದು ಕಾರ್ಮಿಕ ಸಚಿವರು ಸದನದಲ್ಲೇ ಹೇಳಬೇಕೆಂದು ಕೋರುತ್ತೇನೆ.

ಇಲಾಖೆ ಮಾಡಬೇಕಾದ ಮುಖ್ಯ ಕೆಲಸವೆಂದರೆ, ಓಡುತ್ತಿರುವ ಬಾಯ್ಲರ್ ಬಳಿಗೆ ಹೇಳದೆ ಹೋಗುವುದು. ಬಾಯ್ಲರ್ ಇರುವ ಸ್ಥಳಕ್ಕೆ ಸೂಕ್ತ ಸಮಯದಲ್ಲಿ ಪ್ರವೇಶಿಸುವ ಅಧಿಕಾರವನ್ನು ಇನ್‌ಸ್ಪೆಕ್ಟರಿಗೆ 1923ರ ಕಾಯ್ದೆಯೇ ಕೊಟ್ಟಿತ್ತು. ಮೂರು ಪಾಳಿ ಓಡುವ ಗಿರಣಿಗೆ ರಾತ್ರಿ ಹತ್ತು ಗಂಟೆಯೂ ಸೂಕ್ತ ಸಮಯವೇ. ಅವರು ಅಲ್ಲಿ ಹೆಚ್ಚು ಹೊತ್ತು ಇರಬೇಕಿಲ್ಲ. ಮುಂದೆ ನಿಂತಿರುವವರ ಅರ್ಹತಾ ಪತ್ರ ಕೇಳಬೇಕು, ಗೇಜ್ ಗ್ಲಾಸ್ ಬ್ಲೋ ಮಾಡಿ, ಅಂದರೆ ಅದರ ನೀರು ಬಸಿದು ಮತ್ತೆ ತುಂಬುವುದನ್ನು ತೋರಿಸು ಎನ್ನಬೇಕು, ಸೇಫ್ಟಿ ವಾಲ್ವ್ ಮೇಲೆ ಬ್ಯಾಟರಿ ಬಿಟ್ಟು ನೋಡಬೇಕು, ಲಾಗ್ ಪುಸ್ತಕದ ಹಾಳೆ ತಿರುವಿ ಬ್ಲೋಡೌನ್ ಹೊತ್ತುಗಳನ್ನೂ ನೀರಿನ ಪರೀಕ್ಷೆಯ ಅಂಕಿಗಳನ್ನೂ ಓದಬೇಕು. ಅರ್ಧ ಗಂಟೆಯ ಕೆಲಸ. ತಪ್ಪು ಕಂಡರೆ ಮೊದಲ ಸಲ ತಿದ್ದಲು ಅವಕಾಶ ಕೊಡಲಿ, ತಂತಿ ಕಟ್ಟಿದ ವಾಲ್ವ್ ಕಂಡರೆ ಮಾತ್ರ ಅಂದೇ ಉರಿ ತೆಗೆಸಲಿ. ಇಷ್ಟಕ್ಕೆ ಬೇಕಾದ ಇನ್‌ಸ್ಪೆಕ್ಟರುಗಳನ್ನು ಸರ್ಕಾರ ನೇಮಿಸಬೇಕು, ಅವರಿಗೆ ಓಡಾಡಲು ವಾಹನವನ್ನೂ ಕೊಡಬೇಕು. ನೀರು ಕಾಣದಾದಾಗ ಉರಿ ತೆಗೆದ ಅಟೆಂಡೆಂಟ್‌ನನ್ನು ಕೆಲಸದಿಂದ ತೆಗೆಯುವಂತಿಲ್ಲ, ಆ ದಿನದ ಕೂಲಿ ಹಿಡಿಯುವಂತಿಲ್ಲ ಎಂಬ ಒಂದು ಸಾಲನ್ನು ರಾಜ್ಯದ ನಿಯಮಗಳಲ್ಲಿ ಸೇರಿಸಬೇಕು. ಬಾಯ್ಲರ್‌ನ ನೋಂದಣಿ ಸಂಖ್ಯೆ, ಸರ್ಟಿಫಿಕೇಟ್ ಮುಗಿಯುವ ದಿನ, ಈ ಪಾಳಿಯ ಅಟೆಂಡೆಂಟ್ ಯಾರೆಂಬುದು ಗಿರಣಿಯ ಗೇಟಿನ ಮೇಲೆ ಕನ್ನಡದಲ್ಲಿ ಕಾಣಬೇಕು. ಗೋಡೆಯಾಚೆ ವಾಸಿಸುವವರಿಗೂ ಅದನ್ನು ಓದುವ ಹಕ್ಕಿದೆ.

ತಮ್ಮಲ್ಲಿಯೂ ಒಂದು ವಿನಂತಿ ಇದೆ, ಸಂಪಾದಕರೇ. ಕಾರ್ಖಾನೆಯಲ್ಲಿ ಏನೇ ಸಿಡಿದರೂ ಅದನ್ನು ಬಾಯ್ಲರ್ ಸ್ಫೋಟ ಎಂದೇ ಬರೆಯುವ ರೂಢಿ ಮಾಧ್ಯಮಗಳಲ್ಲಿದೆ. 2024ರ ಮೇ ತಿಂಗಳಲ್ಲಿ ಮುಂಬೈ ಬಳಿಯ ಡೊಂಬಿವಲಿಯಲ್ಲಿ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿದಾಗ ಮೊದಲು ಎಲ್ಲೆಡೆ ಬಾಯ್ಲರ್ ಎಂದೇ ಬಂತು. ಆಮೇಲೆ ಅದು ರಿಯಾಕ್ಟರ್ ಎಂದು ತಿಳಿಯಿತು. ರಿಯಾಕ್ಟರ್‌ನಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ, ಅದರ ಅಪಾಯವೂ ಬೇರೆ, ಅದನ್ನು ಕಾಯುವ ಕಾನೂನೂ ಬೇರೆ. ಹೆಸರು ತಪ್ಪಿದರೆ ಹೊಣೆ ಕೇಳಬೇಕಾದ ಕಡೆಯೂ ತಪ್ಪುತ್ತದೆ. ನಿಜವಾಗಿಯೂ ಬಾಯ್ಲರ್ ಸಿಡಿದಾಗ, ಮೊದಲ ದಿನದ ಚಿತ್ರಗಳಿಗೆ ಮುಗಿಸದೆ, ಇಲಾಖೆಯ ತನಿಖಾ ವರದಿ ಏನು ಹೇಳಿತೆಂದು ಆರು ತಿಂಗಳ ಮೇಲೆ ತಮ್ಮ ವರದಿಗಾರರು ಕೇಳಿ ಪ್ರಕಟಿಸಲಿ. ನೀರು ಕಡಿಮೆಯಾಗಿತ್ತೇ, ವಾಲ್ವ್ ಕಟ್ಟಿತ್ತೇ, ತಗಡು ಸವೆದಿತ್ತೇ ಎಂಬುದು ಪಕ್ಕದ ಊರಿನ ಬಾಯ್ಲರ್ ಮುಂದೆ ನಿಲ್ಲುವವನಿಗೆ ತಿಳಿಯುವುದು ಹಾಗೆ ಮಾತ್ರ.

ಮುಂಗಾರು ಭತ್ತದ ಕಟಾವು ಮುಗಿದು ಗಿರಣಿಗಳು ಮೂರೂ ಪಾಳಿ ಓಡತೊಡಗುವುದು ನವೆಂಬರ್‌ನಿಂದ. ಕಬ್ಬು ಅರೆಯುವ ಹಂಗಾಮೂ ಹೆಚ್ಚುಕಡಿಮೆ ಅದೇ ಹೊತ್ತಿನದು. ಅಷ್ಟರೊಳಗೆ ಪ್ರತಿ ಜಿಲ್ಲೆಯಲ್ಲೂ ಇಲಾಖೆಯ ಅಧಿಕಾರಿಗಳು ಒಂದೊಂದು ರಾತ್ರಿ ಹೊರಟು, ಓಡುತ್ತಿರುವ ಹತ್ತು ಬಾಯ್ಲರ್‌ಗಳ ಗೇಜ್ ಗ್ಲಾಸ್ ಬ್ಲೋ ಮಾಡಿಸಿ ನೋಡಿ, ಕಂಡದ್ದನ್ನು ಊರ ಹೆಸರಿನ ಸಮೇತ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿವೃತ್ತ ಬಾಯ್ಲರ್ ಅಟೆಂಡೆಂಟ್,
ಮಂಡ್ಯ ಜಿಲ್ಲೆ